ವೈದ್ಯರೇ ಏಕೆ ಆಗಬಾರದು?



ಶಿಕ್ಷಕನಾಗಬೇಕೆಂದು ಹೇಳುವ ಯುವಕನನ್ನು ನಾವು 'ಏಕೆ?' ಎಂದು ಕೇಳುತ್ತೇವೆ. ಕೃಷಿ ಮಾಡುತ್ತೇನೆ ಎನ್ನುವವನನ್ನೂ ಹಾಗೆಯೇ ಕೇಳುತ್ತೇವೆ. ಆದರೆ 'ನಾನು ವೈದ್ಯರ ಸಹಾಯಕಿಯಾಗುತ್ತೇನೆ' ಎಂದು ಹೇಳುವ ಹುಡುಗಿಗೆ ಎದುರಾಗುವ ಪ್ರಶ್ನೆ ಬೇರೆ ತೆರನದು: 'ವೈದ್ಯೆಯೇ ಏಕೆ ಆಗಬಾರದು?' ಕೇಳುವವರ ಮನಸ್ಸಿನಲ್ಲಿ ಕೆಡುಕಿರಲಿಕ್ಕಿಲ್ಲ. ಬಹುಪಾಲು ವಾತ್ಸಲ್ಯವೇ ಇರುತ್ತದೆ. ಆದರೂ ಆ ಪ್ರಶ್ನೆಯೊಳಗೆ ತೀರ್ಪೊಂದು ಆಗಲೇ ಬಂದು ಕುಳಿತಿದೆ. ಆಸ್ಪತ್ರೆಯೆಂಬುದು ಒಂದು ಏಣಿ, ಅದರ ತುದಿಯಲ್ಲಿ ವೈದ್ಯರಿದ್ದಾರೆ, ತುದಿಯವರೆಗೆ ಏರಲಾರದವರು ಮಾತ್ರ ನಡುವಿನ ಮೆಟ್ಟಿಲಲ್ಲಿ ನಿಲ್ಲುತ್ತಾರೆ ಎಂಬ ತೀರ್ಪು ಅದು. ಮೊದಲ ಸ್ಥಾನ ಎದುರಿಗಿರುವಾಗ ಎರಡನೆಯ ಸ್ಥಾನವನ್ನು ಮನಃಪೂರ್ವಕವಾಗಿ ಬಯಸುವುದು ಸಾಧ್ಯವೇ? ಬಯಸಿದರೆ ಅದನ್ನು ನಮ್ರತೆ ಎನ್ನಬೇಕೇ, ಆಲಸ್ಯ ಎನ್ನಬೇಕೇ, ಅಥವಾ ಸೋಲನ್ನು ಮುಚ್ಚಿಡುವ ಉಪಾಯ ಎನ್ನಬೇಕೇ? ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ದಾದಿಯರೂ ತಂತ್ರಜ್ಞರೂ ಇರುವುದರಿಂದ ಈ ಪ್ರಶ್ನೆ ನಮಗೆ ದೂರದ್ದೇನೂ ಆಗಲಾರದು.

ಮೊದಲು ಈ ವೃತ್ತಿಯ ಪರಿಚಯ ಮಾಡಿಕೊಳ್ಳೋಣ. ಫಿಜಿಷಿಯನ್ ಅಸಿಸ್ಟೆಂಟ್ ಎಂದು ಕರೆಯಲ್ಪಡುವ ವೈದ್ಯ ಸಹಾಯಕರ ವೃತ್ತಿ ಹುಟ್ಟಿದ್ದು ಅಮೆರಿಕದಲ್ಲಿ. ಉತ್ತರ ಕರೋಲಿನಾ ರಾಜ್ಯದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಡಾಕ್ಟರ್ ಯೂಜೀನ್ ಸ್ಟೆಡ್ ಅವರು 1965ರಲ್ಲಿ ನಾಲ್ವರು ವಿದ್ಯಾರ್ಥಿಗಳೊಂದಿಗೆ ಎರಡು ವರ್ಷಗಳ ತರಬೇತಿಯನ್ನು ಆರಂಭಿಸಿದರು. ಅದಕ್ಕೂ ಮುಂಚೆ ಅವರು ಥೆಲ್ಮಾ ಇಂಗಲ್ಸ್ ಎಂಬ ಹಿರಿಯ ದಾದಿಯ ಜೊತೆಗೂಡಿ, ಅನುಭವಿ ದಾದಿಯರಿಗೆ ಇಂಥ ಉನ್ನತ ಶಿಕ್ಷಣ ಕೊಡಲು ಯತ್ನಿಸಿದ್ದರು. ದಾದಿಯರ ಶಿಕ್ಷಣಕ್ಕೆ ಮಾನ್ಯತೆ ನೀಡುವ ಅಲ್ಲಿನ ಸಂಸ್ಥೆ ಅದನ್ನು ಒಪ್ಪಲಿಲ್ಲ. ಹಾಗಾಗಿ ಅವರ ದೃಷ್ಟಿ ನೌಕಾಪಡೆಯಿಂದ ಬಿಡುಗಡೆಯಾಗಿ ಬಂದ ವೈದ್ಯಕೀಯ ಪರಿಚಾರಕರತ್ತ ತಿರುಗಿತು. ಹಡಗುಗಳಲ್ಲೂ ಯುದ್ಧಭೂಮಿಯಲ್ಲೂ ಗಾಯಾಳುಗಳ ಪ್ರಾಣ ಉಳಿಸಲು ಕಲಿತಿದ್ದ ಇವರಿಗೆ ಊರಿಗೆ ಮರಳಿದಾಗ ಆ ವಿದ್ಯೆಗೆ ತಕ್ಕ ಕೆಲಸವೇ ಇರಲಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳನ್ನು ತಳ್ಳುಗಾಡಿಯಲ್ಲಿ ಸಾಗಿಸುವ ಕೆಲಸ ಸಿಕ್ಕರೆ ಅದೇ ಹೆಚ್ಚು. ಹಳ್ಳಿಗಳಲ್ಲಿ ವೈದ್ಯರಿಲ್ಲ, ಪಟ್ಟಣದಲ್ಲಿ ವಿದ್ಯೆಯಿದ್ದೂ ಕೆಲಸವಿಲ್ಲದವರು ಇದ್ದಾರೆ. ಈ ಎರಡು ಕೊರತೆಗಳನ್ನು ಒಟ್ಟಿಗೆ ಹೊಲಿದ ದಾರವೇ ಈ ಹೊಸ ವೃತ್ತಿ. 1967ರ ಅಕ್ಟೋಬರ್ 6ರಂದು ಮೊದಲ ತಂಡದ ಮೂವರು ತರಬೇತಿ ಮುಗಿಸಿ ಹೊರಬಂದರು. ಇಂದು ಆ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಈ ಕೆಲಸದಲ್ಲಿದ್ದಾರೆ. ರೋಗಿಯನ್ನು ಪರೀಕ್ಷಿಸುವುದು, ರಕ್ತಪರೀಕ್ಷೆ ಮತ್ತು ಎಕ್ಸ್‌ರೇಗಳಿಗೆ ಬರೆದುಕೊಡುವುದು, ಔಷಧ ಸೂಚಿಸುವುದು, ಶಸ್ತ್ರಚಿಕಿತ್ಸೆಯಲ್ಲಿ ನೆರವಾಗುವುದು, ಇವೆಲ್ಲವನ್ನೂ ಅವರು ವೈದ್ಯರೊಡಗೂಡಿ ಮಾಡುತ್ತಾರೆ.

ಅಲ್ಲಿ ಈ ತರಬೇತಿಗೆ ಸೇರಬಯಸುವವರು ಸಾಮಾನ್ಯವಾಗಿ ಪದವೀಧರರಾಗಿರುತ್ತಾರೆ. ಅಷ್ಟು ಸಾಲದು. ರೋಗಿಗಳ ಆರೈಕೆಯಲ್ಲಿ ನೂರಾರು, ಕೆಲವೆಡೆ ಸಾವಿರಾರು ಗಂಟೆ ದುಡಿದ ಅನುಭವವನ್ನು ಹೆಚ್ಚಿನ ಕಾಲೇಜುಗಳು ಕೇಳುತ್ತವೆ. ಆದ್ದರಿಂದ ಅರ್ಜಿದಾರರಲ್ಲಿ ಆಂಬುಲೆನ್ಸ್ ಸಿಬ್ಬಂದಿ, ವಾರ್ಡಿನ ಸಹಾಯಕರು, ವೃದ್ಧಾಶ್ರಮದ ಪರಿಚಾರಕಿಯರು ಧಾರಾಳವಾಗಿರುತ್ತಾರೆ. ಮಲಮೂತ್ರದ ಪಾತ್ರೆ ಎತ್ತಿದವರು, ಸತ್ತವರ ದೇಹ ತೊಳೆದವರು, ರಾತ್ರಿ ಪಾಳಿಯಲ್ಲಿ ಬೈಸಿಕೊಂಡವರು. ಅವರೆಲ್ಲರೂ ಅರ್ಜಿಯೊಂದಿಗೆ ಒಂದು ಸ್ವಂತ ಬರಹವನ್ನು ಸಲ್ಲಿಸಬೇಕು: ನೀವು ವೈದ್ಯ ಸಹಾಯಕರಾಗಲು ಪ್ರೇರಣೆಯೇನು? ಹೆಚ್ಚಿನ ಕಾಲೇಜುಗಳಿಗೆ ಅರ್ಜಿ ಹೋಗುವ ಕೇಂದ್ರ ವ್ಯವಸ್ಥೆಯಲ್ಲಿ ಉತ್ತರಕ್ಕಿರುವ ಮಿತಿ 5,000 ಅಕ್ಷರ, ಪದಗಳ ನಡುವಿನ ತೆರವೂ ಸೇರಿ. ಮನುಷ್ಯನ ಅಂತರಂಗವನ್ನು ಒಂದೂವರೆ ಪುಟದಲ್ಲಿ ತೋಡಿಕೊಳ್ಳಬೇಕೆಂದರೆ ಕಷ್ಟವೇ. ಆದರೂ ಕೇಳಿದ್ದು ತಪ್ಪೆಂದು ನನಗೆ ಅನಿಸುವುದಿಲ್ಲ.

ಆಂಬುಲೆನ್ಸಿನಲ್ಲಿ ಕೆಲಸ ಮಾಡುವ ಒಬ್ಬನನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಹೆದ್ದಾರಿಯಲ್ಲಿ ಅಪಘಾತವಾಗಿದೆ. ಅವನು ರಕ್ತ ನಿಲ್ಲಿಸುತ್ತಾನೆ, ಕುತ್ತಿಗೆ ಅಲುಗದಂತೆ ಪಟ್ಟಿ ಕಟ್ಟುತ್ತಾನೆ, ಉಸಿರಾಟ ನೋಡುತ್ತಾನೆ, ದಾರಿಯುದ್ದಕ್ಕೂ ಗಾಯಾಳುವಿನ ಕೈ ಹಿಡಿದು ಮಾತಾಡಿಸುತ್ತಾನೆ. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಬಾಗಿಲು ತೆರೆಯುತ್ತದೆ, ಗಾಲಿಮಂಚ ಒಳಗೆ ಹೋಗುತ್ತದೆ, ನಾಲ್ಕು ವಾಕ್ಯಗಳಲ್ಲಿ ವರದಿ ಒಪ್ಪಿಸುತ್ತಾನೆ, ಬಾಗಿಲು ಮುಚ್ಚುತ್ತದೆ. ಅಲ್ಲಿಗೆ ಅವನ ಕೆಲಸ ಮುಗಿಯಿತು. ಆ ಮನುಷ್ಯ ಬದುಕಿದನೇ? ತಾನು ಕೈಯಲ್ಲಿ ಮುಟ್ಟಿದ ಆ ಹೊಟ್ಟೆಯ ಬಿಗಿತಕ್ಕೆ ಒಳಗೆ ಏನು ಕಾರಣವಿತ್ತು? ಇನ್ನೇನಾದರೂ ಮಾಡಬಹುದಾಗಿತ್ತೇ? ಹೆಚ್ಚಿನ ಸಲ ಅವನಿಗೆ ಉತ್ತರ ಸಿಗುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಮುಂದಿನ ಕರೆ ಬಂದಿರುತ್ತದೆ. ವರ್ಷಕ್ಕೆ ನೂರಾರು ಸಲ ಆ ಬಾಗಿಲು ಅವನ ಮುಖದೆದುರು ಮುಚ್ಚಿಕೊಳ್ಳುತ್ತದೆ.

ಇಂಥವನಿಗೆ ಬಾಗಿಲಿನಾಚೆ ಹೋಗಬೇಕೆಂಬ ಆಸೆ ಹುಟ್ಟುವುದು ಸಹಜವಲ್ಲವೇ? ಆ ಆಸೆಯನ್ನು ಏನೆಂದು ಕರೆಯೋಣ? ನಾವು ಒಡನೆಯೇ 'ಸೇವಾ ಮನೋಭಾವ' ಎಂದುಬಿಡುತ್ತೇವೆ. ಆದರೆ ಅವನು ಸೇವೆಯನ್ನು ಆಗಲೇ ಮಾಡುತ್ತಿದ್ದಾನೆ, ಅದೂ ಎಲ್ಲರಿಗಿಂತ ಮೊದಲು ಧಾವಿಸಿ. ಅವನಿಗೆ ಬೇಕಾಗಿರುವುದು ಅರಿವು. ತಾನು ಮಾಡುತ್ತಿರುವುದು ಏಕೆಂದು ತಿಳಿಯಬೇಕು, ಕಥೆಯ ಉಳಿದ ಭಾಗ ತಿಳಿಯಬೇಕು, ತೀರ್ಮಾನದಲ್ಲಿ ತನಗೂ ಪಾಲು ಬೇಕು. ಇದರಲ್ಲಿ ಸ್ವಾರ್ಥವಿಲ್ಲವೆಂದು ಹೇಳಲಾರೆ. ಆದರೆ ಅರಿಯಬೇಕೆಂಬ ಈ ಹಸಿವಿಲ್ಲದೆ ಮಾಡಿದ ಆರೈಕೆ ಎಂಥದ್ದೆಂದು ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿದ ಯಾರನ್ನಾದರೂ ಕೇಳಿ ನೋಡಿ. ಕೈ ಮೃದುವಾಗಿದ್ದು ಬುದ್ಧಿ ನಿದ್ರಿಸುತ್ತಿದ್ದರೆ ರೋಗಿಗೆ ಅದರಿಂದ ದೊಡ್ಡ ಉಪಕಾರವೇನಿಲ್ಲ.

ಇನ್ನು ಉಳಿದ ಕಾರಣಗಳಿಗೆ ಬರೋಣ. ಅವು ಸಾಮಾನ್ಯವಾಗಿ ಆ 5,000 ಅಕ್ಷರಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ವೈದ್ಯರಾಗಲು ಪದವಿಯ ಬಳಿಕ ನಾಲ್ಕು ವರ್ಷ ವೈದ್ಯಕೀಯ ಕಾಲೇಜು, ಅನಂತರ ಕನಿಷ್ಠ ಮೂರು ವರ್ಷ ಆಸ್ಪತ್ರೆಯಲ್ಲಿ ತರಬೇತಿ ಬೇಕು. ಜೊತೆಗೆ ತಲೆಯ ಮೇಲೆ ಬೆಟ್ಟದಷ್ಟು ಸಾಲ. ವೈದ್ಯ ಸಹಾಯಕರ ಶಿಕ್ಷಣ ಸುಮಾರು 27 ತಿಂಗಳಲ್ಲಿ ಮುಗಿಯುತ್ತದೆ. ವರ್ಷದ ವೇತನ ಸುಮಾರು 1,30,000 ಡಾಲರ್. ಆಂಬುಲೆನ್ಸ್ ಸಿಬ್ಬಂದಿಗೆ ಸಿಗುವುದು ಸರಿಸುಮಾರು ಅದರ ಮೂರನೆಯ ಒಂದು ಭಾಗ. ಹೃದ್ರೋಗ ವಿಭಾಗ ಸಾಕೆನಿಸಿದರೆ ಮೂಳೆಯ ವಿಭಾಗಕ್ಕೆ ಹೋಗಬಹುದು. ವೈದ್ಯರಿಗೆ ಹಾಗೆ ವಿಭಾಗ ಬದಲಿಸುವುದು ಸುಲಭವಲ್ಲ. ಮನೆಯಲ್ಲಿ ಎಳೆಯ ಮಕ್ಕಳಿರುವವರಿಗೆ, ವಯಸ್ಸು ಮೂವತ್ತು ದಾಟಿದವರಿಗೆ, ಮುದಿ ತಂದೆತಾಯಿಯರ ಹೊಣೆ ಇರುವವರಿಗೆ ಇವು ಸಣ್ಣ ಸಂಗತಿಗಳೇನೂ ಅಲ್ಲ. ಕೇರಳ ಮತ್ತು ಕರಾವಳಿಯಿಂದ ಪರದೇಶಕ್ಕೆ ಹೋದ ನಮ್ಮ ದಾದಿಯರನ್ನು ಕೇಳಿದರೆ ಅವರು ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: ತಂಗಿಯ ಮದುವೆ, ಮನೆಯ ಸಾಲ, ತಮ್ಮನ ಓದು. ಆ ಹಣದಿಂದ ಎದ್ದ ಮನೆಗಳಲ್ಲಿ ಕುಳಿತು, 'ದಾದಿಯ ಕೆಲಸ ಪವಿತ್ರವಾದ ಸೇವೆ, ಅದರಲ್ಲಿ ಹಣದ ಯೋಚನೆ ಸಲ್ಲದು' ಎಂದು ಉಪದೇಶಿಸುವವರನ್ನು ಕಂಡರೆ ನಗು ಬರುತ್ತದೆ.

ಪ್ರೇರಣೆ ಶುದ್ಧವಾಗಿರಲೇಬೇಕು, ಇಲ್ಲದಿದ್ದರೆ ಕೆಲಸಕ್ಕೆ ಬೆಲೆಯಿಲ್ಲ ಎಂಬ ವಾದ ಬಹಳ ಹಳೆಯದು. ಕೇಳಲು ಚೆನ್ನಾಗಿಯೂ ಇದೆ. ಆದರೆ ಅದರಿಂದ ಆಗುವ ಹಾನಿಯನ್ನು ಗಮನಿಸಿ. ಹಣವೂ ಬೇಕು, ಕುಟುಂಬಕ್ಕೆ ಸಮಯವೂ ಬೇಕು, ರೋಗಿಯ ಹತ್ತಿರವೂ ಇರಬೇಕು ಎಂದುಕೊಂಡ ಸಾಮಾನ್ಯ ಮನುಷ್ಯ ಈ ವಾದದ ಎದುರು ಸುಳ್ಳುಗಾರನಾಗುತ್ತಾನೆ. ಮೂರರಲ್ಲಿ ಎರಡನ್ನು ಬಚ್ಚಿಟ್ಟು ಒಂದನ್ನು ಮಾತ್ರ ಅರ್ಜಿಯಲ್ಲಿ ಬರೆಯುತ್ತಾನೆ. ಬಚ್ಚಿಟ್ಟದ್ದು ಒಳಗೇ ಹುಳಿಯುತ್ತದೆ. ಹತ್ತು ವರ್ಷಗಳ ಬಳಿಕ ಅವನು 'ನಾನು ಎಲ್ಲವನ್ನೂ ತ್ಯಾಗ ಮಾಡಿದೆ, ನನಗೆ ಸಿಕ್ಕಿದ್ದೇನು?' ಎಂದು ಕೊರಗತೊಡಗುತ್ತಾನೆ. ತ್ಯಾಗ ಮಾಡಿರಲೇ ಇಲ್ಲ; ಮಾಡಿದೆನೆಂದು ತನಗೆ ತಾನೇ ಹೇಳಿಕೊಂಡಿದ್ದನಷ್ಟೆ.

ಸಮಾರಿಯದವನ ಸಾಮತಿಯನ್ನು ನಾವು ಎಷ್ಟೋ ಬಾರಿ ಆಲಿಸಿದ್ದೇವೆ. ಪ್ರಬೋಧನೆಗಳಲ್ಲಿ ಯಾಜಕನೂ ಲೇವಿಯನೂ ಬೈಸಿಕೊಳ್ಳುತ್ತಾರೆ, ಸಮಾರಿಯದವನು ಹೊಗಳಿಸಿಕೊಳ್ಳುತ್ತಾನೆ. ಆದರೆ ಆ ಕಥೆಯಲ್ಲಿ ಇನ್ನೂ ಒಬ್ಬನಿದ್ದಾನೆ: ಛತ್ರದವನು. ಸಮಾರಿಯದವನು ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ಗಾಯಾಳುವನ್ನು ತನ್ನ ವಾಹನದ ಮೇಲೆ ತಂದು, ಒಂದು ರಾತ್ರಿ ಆರೈಕೆ ಮಾಡಿ, ಮರುದಿನ ಎರಡು ಬೆಳ್ಳಿ ನಾಣ್ಯ ಕೊಟ್ಟು ತನ್ನ ದಾರಿ ಹಿಡಿದನು. ಅನಂತರದ ದಿನಗಳಲ್ಲಿ ಗಂಜಿ ಕುಡಿಸಿದವರು ಯಾರು? ಹುಣ್ಣು ತೊಳೆದವರು ಯಾರು? ಛತ್ರದವನು ಅದನ್ನು ದಯೆಯಿಂದ ಮಾಡಿದನೋ, ನಾಣ್ಯಕ್ಕಾಗಿ ಮಾಡಿದನೋ ಎಂದು ಸಂತ ಲೂಕ ಹೇಳುವುದಿಲ್ಲ. ಹೇಳುವುದು ಇಷ್ಟೇ: ಒಬ್ಬನ ಜೀವವನ್ನು ಅವನಿಗೆ ಒಪ್ಪಿಸಲಾಯಿತು, ಒಪ್ಪಿಸಿದವನು ಮರಳಿ ಬಂದು ಲೆಕ್ಕ ತೀರಿಸುವೆನೆಂದ. ಮತ್ತೊಬ್ಬನ ಗೈರುಹಾಜರಿಯಲ್ಲಿ ಅವನು ವಹಿಸಿದ ಕೆಲಸವನ್ನು ಮಾಡುವುದು, ಅವನು ಬಂದಾಗ ನಡೆದದ್ದನ್ನು ನಡೆದಂತೆ ಹೇಳುವುದು. ವೈದ್ಯ ಸಹಾಯಕನ ಕೆಲಸದ ಸ್ವರೂಪ ಇದಕ್ಕಿಂತ ಬೇರೆಯಾಗಿಲ್ಲ. ಪರಂಪರೆಯ ಪ್ರಕಾರ ಲೂಕನು ಸ್ವತಃ ವೈದ್ಯನಾಗಿದ್ದವನು. ಛತ್ರದವನನ್ನು ಅವನು ಮರೆಯದೆ ಬರೆದದ್ದು ನನಗಂತೂ ಸಂತೋಷದ ವಿಷಯ.

ಇಲ್ಲಿಯವರೆಗೆ ಎರಡನೆಯ ಸ್ಥಾನದ ಪರವಾಗಿ ಮಾತಾಡಿದೆ. ಈಗ ಅದರ ಕಹಿಯನ್ನೂ ಹೇಳಬೇಕು. ಇಲ್ಲದಿದ್ದರೆ ನಮ್ರತೆಯ ಹೆಸರಿನಲ್ಲಿ ಅನ್ಯಾಯಕ್ಕೆ ಹಾರ ಹಾಕಿದಂತಾದೀತು.

ಡಾಕ್ಟರ್ ಸ್ಟೆಡ್ ಅವರಿಗೆ ಈ ವೃತ್ತಿಯ ಕಲ್ಪನೆ ಮೂಡಲು ಒಂದು ಜೀವಂತ ಮಾದರಿಯೂ ಕಾರಣವಾಯಿತು. ಅದೇ ರಾಜ್ಯದ ಗಾರ್ಲೆಂಡ್ ಎಂಬ ಸಣ್ಣ ಊರಿನಲ್ಲಿ ಡಾಕ್ಟರ್ ಏಮಸ್ ಜಾನ್ಸನ್ ಎಂಬ ವೈದ್ಯರಿದ್ದರು. ವೈದ್ಯ ಸಂಘಗಳಲ್ಲಿ ದೊಡ್ಡ ಹುದ್ದೆಗಳನ್ನು ವಹಿಸಿದ್ದ ಅವರು ಆಗಾಗ ಊರು ಬಿಟ್ಟು ಹೋಗಬೇಕಾಗುತ್ತಿತ್ತು. ಆಗ ಚಿಕಿತ್ಸಾಲಯವನ್ನು ನೋಡಿಕೊಳ್ಳುತ್ತಿದ್ದವರು ಹೆನ್ರಿ ಲೀ ಟ್ರೆಡ್‌ವೆಲ್, ಎಲ್ಲರ ಬಾಯಲ್ಲಿ ಬಡಿ ಟ್ರೆಡ್‌ವೆಲ್. ವೈದ್ಯಕೀಯ ಪದವಿಯಿಲ್ಲದ ಅವರಿಗೆ ಜಾನ್ಸನ್ ಅವರೇ ಕೆಲಸ ಕಲಿಸಿದ್ದರು. ರೋಗಿಗಳನ್ನು ಪರೀಕ್ಷಿಸುವುದರಿಂದ ಹಿಡಿದು ಗಾಯಕ್ಕೆ ಹೊಲಿಗೆ ಹಾಕುವವರೆಗೆ ಎಲ್ಲವನ್ನೂ ಮಾಡುತ್ತಿದ್ದ ಅವರನ್ನು ಆ ಊರಿನವರು ನಂಬಿದ್ದರು. ಡ್ಯೂಕ್ ವಿಶ್ವವಿದ್ಯಾಲಯದವರು ಈ ಜೋಡಿಯನ್ನು ನೋಡಿ, ಹೀಗೂ ಸಾಧ್ಯವೆಂದು ಅರಿತರು.

ಬಡಿ ಟ್ರೆಡ್‌ವೆಲ್ ಕಪ್ಪುವರ್ಣೀಯರು. ಕಪ್ಪುವರ್ಣೀಯರಿಗೂ ಬಿಳಿಯರಿಗೂ ಶಾಲೆ ಬೇರೆ, ಆಸ್ಪತ್ರೆಯ ವಾರ್ಡು ಬೇರೆ ಎಂದಿದ್ದ ಕಾಲವದು. ಅದೇ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಗೆ ಮೊದಲ ಕಪ್ಪುವರ್ಣೀಯ ವಿದ್ಯಾರ್ಥಿ ಸೇರಿದ್ದು 1963ರಲ್ಲಿ. ಟ್ರೆಡ್‌ವೆಲ್ ಜಾನ್ಸನ್ ಅವರ ಬಳಿ ಕೆಲಸ ಕಲಿಯುತ್ತಿದ್ದದ್ದು ಅದಕ್ಕೂ ಎಷ್ಟೋ ವರ್ಷ ಹಿಂದೆ. ಇಂಥವರನ್ನು 'ವೈದ್ಯರೇ ಏಕೆ ಆಗಲಿಲ್ಲ?' ಎಂದು ಕೇಳುವ ಮೊದಲು, ಆ ಬಾಗಿಲು ಅವರಿಗೆ ತೆರೆದಿತ್ತೇ ಎಂದು ಕೇಳಬೇಕಲ್ಲವೇ? ಮೊದಲ ಸ್ಥಾನವನ್ನು ಪಡೆಯಬಲ್ಲವನು ಎರಡನೆಯದನ್ನು ಆರಿಸಿಕೊಂಡರೆ ಅದು ಆಯ್ಕೆ. ಮೊದಲನೆಯದನ್ನು ಮುಟ್ಟಲೂ ಬಿಡದೆ ಎರಡನೆಯದರಲ್ಲಿ ನಿಲ್ಲಿಸಿ, ಅನಂತರ 'ನೋಡಿ, ಎಷ್ಟು ವಿನಯಶೀಲ!' ಎಂದು ಹೊಗಳುವುದು ಬೇರೆ. ನಮ್ಮ ದೇಶದಲ್ಲಿ ಜಾತಿಯ ಹೆಸರಿನಲ್ಲಿ, ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ವಿಷಯದಲ್ಲಿ ಈ ಹೊಗಳಿಕೆ ಎಷ್ಟು ಬಾರಿ ಕೇಳಿಬಂದಿಲ್ಲ!

ಜಾಯ್ಸ್ ನಿಕೋಲ್ಸ್ ಅವರ ಕಥೆ ಇದಕ್ಕೆ ಉತ್ತರದಂತಿದೆ. ಆಕೆ ಡ್ಯೂಕ್ ಆಸ್ಪತ್ರೆಯಲ್ಲೇ ಕೆಳದರ್ಜೆಯ ದಾದಿಯಾಗಿದ್ದ ಕಪ್ಪುವರ್ಣೀಯ ಮಹಿಳೆ. ತಾನು ದುಡಿಯುತ್ತಿದ್ದ ವಾರ್ಡಿನಲ್ಲೇ ನೌಕಾಪಡೆಯಿಂದ ಬಂದ ಗಂಡಸರು ವೈದ್ಯ ಸಹಾಯಕರಾಗಲು ಕಲಿಯುತ್ತಿರುವುದನ್ನು ಕಂಡು ತಾನೂ ಸೇರಬಯಸಿದರು. ಸೈನಿಕ ಪರಿಚಾರಕರಿಗಾಗಿ ರೂಪಿಸಿದ ತರಬೇತಿ ಅದು. ಹೆಂಗಸೊಬ್ಬಳು ಸೇರಬಹುದೆಂದು ಯಾರೂ ಎಣಿಸಿರಲಿಲ್ಲ. ಆಕೆ ಪಟ್ಟು ಬಿಡದೆ ಸೇರಿ, 1970ರಲ್ಲಿ ತರಬೇತಿ ಮುಗಿಸಿ, ಈ ವೃತ್ತಿಯ ಮೊದಲ ಮಹಿಳೆಯೆನಿಸಿಕೊಂಡರು. ಅನಂತರ ಡರ್ಹಮ್ ನಗರದ ಲಿಂಕನ್ ಸಮುದಾಯ ಆರೋಗ್ಯ ಕೇಂದ್ರದಲ್ಲಿ ದುಡಿದರು. ಗಮನಿಸಿ: ಹೊರಗಿನಿಂದ ನೋಡಿದವರಿಗೆ ಎರಡನೆಯದೆನಿಸುವ ಸ್ಥಾನ ಆಕೆಗೆ ಮೇಲಿನ ಮೆಟ್ಟಿಲಾಗಿತ್ತು. ಮೇಲಕ್ಕೇರುವ ಆಸೆಯೂ ರೋಗಿಗಳ ಹತ್ತಿರವಿರುವ ಆಸೆಯೂ ಅವರಲ್ಲಿ ಜಗಳವಾಡಿದಂತೆ ಕಾಣುವುದಿಲ್ಲ. ಜೆಬೆದಾಯನ ಮಕ್ಕಳ ತಾಯಿ ತನ್ನ ಮಕ್ಕಳಿಗೆ ಬಲಗಡೆ ಎಡಗಡೆಯ ಪೀಠಗಳನ್ನು ಬೇಡಿದಾಗ ಪ್ರಭು ಆಕೆಯನ್ನು ಗದರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು. ಅವರು ಕೇಳಿದ ಪ್ರಶ್ನೆ ಪಾನಪಾತ್ರೆಯ ಕುರಿತಾಗಿತ್ತು. ಆ ಸ್ಥಾನದ ಜೊತೆಗೆ ಬರುವ ಭಾರವನ್ನು ಹೊರಬಲ್ಲಿರಾ ಎಂದು.

ಹಾಗಾದರೆ ವೈದ್ಯ ಸಹಾಯಕನ ಸ್ಥಾನದೊಂದಿಗೆ ಬರುವ ಭಾರ ಯಾವುದು? ದುಡಿತದ ಭಾರ ಎಲ್ಲ ಕೆಲಸಕ್ಕೂ ಇದೆ. ಇಲ್ಲಿ ವಿಶೇಷವಾಗಿರುವುದು ಬೇರೆ: ಬಹಳ ತಿಳಿದಿದ್ದೂ, 'ಇದು ನನ್ನ ಮಿತಿಯನ್ನು ಮೀರಿದ್ದು' ಎಂದು ಹೇಳುವ ಭಾರ. ಏನೂ ತಿಳಿಯದವನಿಗೆ ಇದು ಸುಲಭ. ಎಲ್ಲವನ್ನೂ ತಿಳಿದವನಿಗೆ ಅಗತ್ಯವಿಲ್ಲ. ಹತ್ತರಲ್ಲಿ ಎಂಟನ್ನು ತಿಳಿದವನಿಗೆ ಮಾತ್ರ ಇದು ದಿನನಿತ್ಯದ ಪರೀಕ್ಷೆ. ನಡುರಾತ್ರಿ ಎರಡು ಗಂಟೆಗೆ ಒಬ್ಬ ರೋಗಿಯ ಎದೆನೋವು ಅಜೀರ್ಣದಂತೆ ಕಾಣುತ್ತದೆ, ಬಹುಶಃ ಅಜೀರ್ಣವೇ. ನಿದ್ರೆಯಲ್ಲಿರುವ ಹಿರಿಯ ವೈದ್ಯರನ್ನು ಎಬ್ಬಿಸಬೇಕೇ? ಎಬ್ಬಿಸಿದರೆ ಬೈಗುಳ ಸಿಗಬಹುದು, 'ಇಷ್ಟೂ ತಿಳಿಯದೇ?' ಎಂಬ ಮಾತು ಬರಬಹುದು. ಎಬ್ಬಿಸದಿದ್ದರೆ ಯಾರಿಗೂ ಏನೂ ಗೊತ್ತಾಗದಿರಲೂಬಹುದು. ಆ ಕ್ಷಣದಲ್ಲಿ ದೂರವಾಣಿ ಎತ್ತಿಕೊಳ್ಳುವ ಕೈಗೆ ಬೇಕಾದ ಧೈರ್ಯ, ಯಾರ ಅರ್ಜಿಯ ಬರಹದಲ್ಲೂ ತೋರುವಂಥದ್ದಲ್ಲ.

ಇನ್ನೊಂದು ಭಾರ ಸತ್ಯದ್ದು. ಬಿಳಿ ಕೋಟು, ಕೊರಳಲ್ಲಿ ಸ್ಟೆತಸ್ಕೋಪು. ರೋಗಿ 'ಡಾಕ್ಟ್ರೇ' ಎನ್ನುತ್ತಾನೆ. ತಿದ್ದಬೇಕೇ, ಸುಮ್ಮನಿರಬೇಕೇ? ಸುಮ್ಮನಿದ್ದರೆ ಸುಳ್ಳು ಹೇಳಿದಂತಾಗುವುದಿಲ್ಲ ಎಂದು ಮನಸ್ಸು ಸಮಾಧಾನ ಹೇಳುತ್ತದೆ. ಆದರೆ ತನ್ನ ದೇಹವನ್ನು ಯಾರ ಕೈಗೆ ಒಪ್ಪಿಸಿದ್ದೇನೆ ಎಂದು ತಿಳಿಯುವ ಹಕ್ಕು ರೋಗಿಯದು. ಅದನ್ನು ಮೌನದಿಂದ ಕಸಿದುಕೊಂಡರೂ ಕಸಿದಂತೆಯೇ.

ಈ ಸಂಗತಿ ಎಷ್ಟು ಸೂಕ್ಷ್ಮವೆಂಬುದು ಹೆಸರಿನ ಕುರಿತಾದ ಜಗಳದಿಂದ ತಿಳಿಯುತ್ತದೆ. ಅಮೆರಿಕದ ವೈದ್ಯ ಸಹಾಯಕರ ಸಂಘವು 2021ರಲ್ಲಿ 'ಅಸಿಸ್ಟೆಂಟ್' ಎಂಬ ಪದವನ್ನು ಬಿಟ್ಟು 'ಅಸೋಸಿಯೇಟ್' ಎಂಬ ಪದವನ್ನು ಒಪ್ಪಿತು. ಸಹಾಯಕ ಹೋಗಿ ಸಹವರ್ತಿ ಬಂದ. ತಾವು ಮಾಡುವ ಕೆಲಸವನ್ನು ಹಳೆಯ ಪದ ಕುಗ್ಗಿಸಿ ತೋರಿಸುತ್ತದೆಂಬುದು ಅವರ ದೂರು. ಅಲ್ಲಿ ಹಲವು ರಾಜ್ಯಗಳಲ್ಲಿ ವೈದ್ಯರ ಮೇಲ್ವಿಚಾರಣೆಯ ಕಟ್ಟುಪಾಡುಗಳೂ ಸಡಿಲಗೊಂಡಿವೆ. ಬ್ರಿಟನ್ನಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಆಗಲೇ 'ಅಸೋಸಿಯೇಟ್' ಎಂದಿದ್ದ ಹೆಸರನ್ನು 'ಅಸಿಸ್ಟೆಂಟ್' ಎಂದು ಬದಲಿಸಬೇಕೆಂದು ಸರಕಾರ ನೇಮಿಸಿದ ಪರಿಶೀಲನೆಯ ವರದಿ 2025ರ ಜುಲೈಯಲ್ಲಿ ಶಿಫಾರಸು ಮಾಡಿತು. ರೋಗಿಗಳು ಇವರನ್ನು ವೈದ್ಯರೆಂದೇ ತಿಳಿಯುತ್ತಿದ್ದಾರೆ, ಆದ್ದರಿಂದ ಉಡುಪಿನಲ್ಲೂ ಗುರುತುಪಟ್ಟಿಯಲ್ಲೂ ವ್ಯತ್ಯಾಸ ಎದ್ದು ಕಾಣಬೇಕು ಎಂದೂ ಅದು ಹೇಳಿತು. ಒಂದೇ ವೃತ್ತಿ, ಎರಡು ದೇಶ. ಒಂದು ಕಡೆ ಹೆಸರು ಮೇಲಕ್ಕೇರಿತು, ಇನ್ನೊಂದು ಕಡೆ ಇಳಿಯಿತು. ಯಾವುದು ಸರಿ? ನನ್ನ ಅಭಿಪ್ರಾಯ ಕೇಳಿದರೆ, ವೃತ್ತಿಯವರ ಗೌರವಕ್ಕಿಂತ ರೋಗಿಗೆ ಸ್ಪಷ್ಟವಾಗಿ ಅರ್ಥವಾಗುವ ಹೆಸರೇ ಮೇಲು. ಗೌರವ ಬೇಕಿದ್ದರೆ ಅದನ್ನು ಸಂಬಳದಲ್ಲೂ ನಡವಳಿಕೆಯಲ್ಲೂ ಕೊಡಲಿ. ವೈದ್ಯರು ಅವರನ್ನು ಹೆಸರು ಹಿಡಿದು ಮರ್ಯಾದೆಯಿಂದ ಮಾತಾಡಿಸಲಿ. ಪದದ ಮಬ್ಬಿನಲ್ಲಿ ಅದನ್ನು ಹುಡುಕುವುದು ಬೇಡ.

ನಮ್ಮವರಿಗೆ ಈ ವಿಷಯ ಹೊಸದೇನೂ ಆಗಿರಲಿಲ್ಲ. ಹಿಂದೆ ನಮ್ಮ ಊರುಗಳಲ್ಲಿ ಕಾಂಪೌಂಡರ್ ಇರುತ್ತಿದ್ದರು. ಡಾಕ್ಟರು ಚೀಟಿ ಬರೆದರೆ ಶೀಶೆಯಲ್ಲಿ ಕೆಂಪು ಔಷಧ ತುಂಬಿ, ಹೊರಮೈಗೆ ಗುರುತಿನ ಕಾಗದ ಅಂಟಿಸಿ ಕೊಡುತ್ತಿದ್ದವರು. ಯಾವ ಮನೆಯ ಮಗುವಿಗೆ ಯಾವ ಔಷಧ ಒಗ್ಗುವುದಿಲ್ಲ ಎಂದು ಡಾಕ್ಟರಿಗಿಂತ ಅವರಿಗೇ ಹೆಚ್ಚು ನೆನಪಿರುತ್ತಿತ್ತು. ಅವರಲ್ಲಿ ಕೆಲವರು ಡಾಕ್ಟರು ಊರು ಬಿಟ್ಟ ಮೇಲೆ ಪಕ್ಕದ ಹಳ್ಳಿಯಲ್ಲಿ ತಾವೇ ಫಲಕ ತೂಗುಹಾಕಿಕೊಂಡು ಡಾಕ್ಟರಾದದ್ದೂ ಉಂಟು. ವಿದ್ಯೆ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಒಬ್ಬನು ತನಗೆ ತಿಳಿದದ್ದರ ಗಡಿಯನ್ನು ಅರಿತಿದ್ದ, ಇನ್ನೊಬ್ಬ ಅದನ್ನು ದಾಟಿದ. ಊರಿಗೆ ಯಾರಿಂದ ಒಳ್ಳೆಯದಾಯಿತು, ಯಾರಿಂದ ಕೇಡಾಯಿತು ಎಂಬುದನ್ನು ಹಿರಿಯರು ಬಲ್ಲರು.

ಭಾರತದಲ್ಲಿ ಶಾಸ್ತ್ರೀಯವಾಗಿ ಈ ತರಬೇತಿ ಆರಂಭವಾದದ್ದು 1992ರಲ್ಲಿ, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯಲ್ಲಿ. ಅದನ್ನು ತಂದವರು ಹೃದಯ ಶಸ್ತ್ರಚಿಕಿತ್ಸೆಯಲ್ಲಿ ದೇಶಕ್ಕೇ ಹೆಸರಾಗಿದ್ದ ಡಾಕ್ಟರ್ ಕೆ. ಎಂ. ಚೆರಿಯನ್. ನಮ್ಮ ಕರಾವಳಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಹಳೆಯ ವಿದ್ಯಾರ್ಥಿಯಾಗಿದ್ದ ಅವರು 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಇಂದು ಕರ್ನಾಟಕದಲ್ಲೂ ಈ ಪದವಿ ಶಿಕ್ಷಣ ದೊರೆಯುತ್ತದೆ. ಆರೋಗ್ಯ ಕ್ಷೇತ್ರದ ಇತರ ವೃತ್ತಿಗಳನ್ನು ಕ್ರಮಬದ್ಧಗೊಳಿಸಲು ಕೇಂದ್ರವು 2021ರಲ್ಲಿ ಮಾಡಿದ ಕಾಯ್ದೆಯ ಪಟ್ಟಿಯಲ್ಲಿ ಇವರಿಗೂ ಜಾಗ ಸಿಕ್ಕಿದೆ. ಆದರೆ ಅಮೆರಿಕದವರಂತೆ ಸ್ವತಃ ಔಷಧ ಬರೆದುಕೊಡುವ ಅಧಿಕಾರ ಇಲ್ಲಿಲ್ಲ. ಹೆಚ್ಚಿನವರು ದುಡಿಯುವುದು ದೊಡ್ಡ ಆಸ್ಪತ್ರೆಗಳ ವಿಶೇಷ ವಿಭಾಗಗಳಲ್ಲಿ.

ನನಗೆ ಇನ್ನೂ ದೊಡ್ಡದಾಗಿ ತೋರುವ ವ್ಯತ್ಯಾಸ ಒಂದಿದೆ. ಅಲ್ಲಿ ಈ ವೃತ್ತಿಗೆ ಬರುವವರು ರೋಗಿಯ ಮಂಚದ ಪಕ್ಕದಲ್ಲಿ ವರ್ಷಗಟ್ಟಲೆ ಕಳೆದು, ಅದರ ವಾಸನೆ, ಸದ್ದು, ಬೇಸರಗಳನ್ನೆಲ್ಲ ಕಂಡು ಬಂದವರು. ನಮ್ಮಲ್ಲಿ ಬರುವವರು ಪಿಯುಸಿ ಮುಗಿಸಿದ ಹದಿನೆಂಟರ ಮಕ್ಕಳು. ಅವರಲ್ಲಿ ಅನೇಕರು ಈ ಬಾಗಿಲಿಗೆ ಬರುವುದು ಇನ್ನೊಂದು ಬಾಗಿಲು ಮುಚ್ಚಿದ ಮೇಲೆ. 2025ರಲ್ಲಿ ನೀಟ್ ಪರೀಕ್ಷೆ ಬರೆದವರು 20 ಲಕ್ಷಕ್ಕೂ ಹೆಚ್ಚು, ದೇಶದಲ್ಲಿರುವ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಅವುಗಳಲ್ಲಿ ಸುಮಾರು ಅರ್ಧದಷ್ಟು ಖಾಸಗಿ ಕಾಲೇಜುಗಳಲ್ಲಿವೆ. ಅಲ್ಲಿನ ಶುಲ್ಕ ನಮ್ಮಂಥ ಹೆಚ್ಚಿನ ಕುಟುಂಬಗಳ ಕೈಗೆ ಎಟಕುವಂಥದ್ದಲ್ಲ. ಫಲಿತಾಂಶ ಬಂದ ವಾರ ಮನೆಯಲ್ಲಿ ಆವರಿಸುವ ಮೌನವನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. 'ಹೋಗಲಿ, ಏನೋ ಒಂದು ಆಸ್ಪತ್ರೆಯ ಕೋರ್ಸ್' ಎಂದು ತಂದೆ ಹೇಳುವ ಆ 'ಏನೋ ಒಂದು' ಎಂಬ ಮಾತು ಮಗುವಿನ ಕಿವಿಯಲ್ಲಿ ಬಹಳ ಕಾಲ ಉಳಿಯುತ್ತದೆ. ಬಂಧುಗಳ ಮದುವೆಯಲ್ಲಿ ತಾಯಿ 'ಮೆಡಿಕಲ್ ಓದುತ್ತಿದ್ದಾಳೆ' ಎಂದಷ್ಟೇ ಹೇಳಿ ಮಾತು ಬದಲಿಸಿದರೆ ಮುಗಿಯಿತು. ತಾನು ಯಾರೆಂಬುದನ್ನು ರೋಗಿಯಿಂದ ಮರೆಮಾಚುವ ಪಾಠ ಅವಳಿಗೆ ಮನೆಯಲ್ಲೇ ಆಯಿತು.

ಎರಡನೆಯ ಆಯ್ಕೆಯಾಗಿ ಬಂದದ್ದು ದೈವಕರೆಯಾಗಲಾರದೆಂದು ನಾನು ನಂಬುವುದಿಲ್ಲ. ಮೀನು ಹಿಡಿಯಲು ಹೋದವರು ಬೇರೇನೋ ಆದದ್ದನ್ನು ಶುಭಸಂದೇಶದಲ್ಲಿ ಓದಿದವರು ನಾವು. ಆದರೆ ಅದು ತಾನಾಗಿ ಆಗುವುದಿಲ್ಲ. ಆ ಮಗುವಿಗೆ ಮೊದಲು ಸೋಲನ್ನು ಸೋಲೆಂದು ಅಳಲು ಬಿಡಬೇಕು; 'ದೇವರ ಚಿತ್ತ' ಎಂದು ಅವಸರದಲ್ಲಿ ಬಾಯಿ ಮುಚ್ಚಿಸಬಾರದು. ಇನ್ನೊಂದು ವರ್ಷ ಪರೀಕ್ಷೆಗೆ ಓದಬೇಕೆನ್ನುವ ಹಟವಿದ್ದರೆ, ಕೈಲಾದರೆ ಓದಲಿ. ಅಂಥವಳನ್ನು ಸಹಾಯಕಿಯ ಕೋರ್ಸಿಗೆ ತಳ್ಳಿದರೆ ಜೀವನವಿಡೀ ವೈದ್ಯರನ್ನು ಅಸೂಯೆಯಿಂದ ನೋಡುತ್ತ ನಿಂತಾಳು, ಅದರಿಂದ ರೋಗಿಗೂ ಒಳಿತಿಲ್ಲ.

ಹಾಗಲ್ಲದೆ ಇದನ್ನೇ ಓದುವೆನೆಂದರೆ, ಶುಲ್ಕ ಕಟ್ಟುವ ಮೊದಲು ನಿಮ್ಮ ಪರಿಚಯದ ಆಸ್ಪತ್ರೆಯೊಂದರಲ್ಲಿ ಈ ಕೆಲಸದಲ್ಲಿರುವವರನ್ನು ಹುಡುಕಿ, ಮಗಳನ್ನು ಕರೆದುಕೊಂಡು ಹೋಗಿ. ಅವರು ಬಿಡುವಿನಲ್ಲಿ ಚಹಾ ಕುಡಿಯುವಾಗ ಸಂಬಳವೆಷ್ಟು, ರಜೆಯೆಷ್ಟು, ವೈದ್ಯರು ಹೇಗೆ ನಡೆಸಿಕೊಳ್ಳುತ್ತಾರೆ, ರಾತ್ರಿ ಎಷ್ಟು ಸಲ ಅವರನ್ನು ಎಬ್ಬಿಸಬೇಕಾಗುತ್ತದೆ ಎಂದೆಲ್ಲ ಅವಳೇ ಕೇಳಲಿ. ನೀವು ಪಕ್ಕದಲ್ಲಿ ಸುಮ್ಮನೆ ಕುಳಿತಿರಿ. ಮನೆಗೆ ಮರಳುವ ಬಸ್ಸಿನಲ್ಲಿ ಅವಳು ಮೊದಲು ಯಾವುದರ ಬಗ್ಗೆ ಮಾತೆತ್ತುತ್ತಾಳೆ ಎಂಬುದನ್ನು ಕೇಳಿಸಿಕೊಳ್ಳಿ. ಸಂಬಳದ ಬಗ್ಗೆ ಮಾತೆತ್ತಿದರೂ ಬೇಸರಪಡಬೇಡಿ, ಪೂರ್ತಿ ಕೇಳಿ.